ಬಿರುಕಿಗೆ ಹಚ್ಚಿದ ಗಾಜು

ಆ ಇಗರ್ಜಿಯಲ್ಲಿ ಮೂವತ್ತೊಂದು ವರ್ಷ ಕಸ ಗುಡಿಸಿ, ನೆಲಕ್ಕೆ ಸುರಿದ ಮೇಣ ಕೆರೆದು, ಬಾಗಿಲು ತೆಗೆದು ಮುಚ್ಚಿ ಬದುಕಿದ ಹೆಂಗಸನ್ನು ಎಲ್ಲರೂ ಬೀಗದಮ್ಮ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಹದಿನಾಲ್ಕು ಬೀಗದ ಕೈಗಳ ಗೊಂಚಲು. ಅವಳಿಗಿಂತ ಮೊದಲು ಅವಳ ಸದ್ದು ಬರುತ್ತಿತ್ತು, ಹಿಂದಿನ ಬೆಂಚಿನಲ್ಲಿ ಹರಟೆ ಹೊಡೆಯುತ್ತಿದ್ದವರು ತಟ್ಟನೆ ಮಂಡಿಯೂರಿ ಭಕ್ತರಾಗಿಬಿಡುತ್ತಿದ್ದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಅವಳು ಮಾಡಿದ್ದು ಒಂದೇ ತಪ್ಪು. ಅದನ್ನು ಏಳು ಸಲ ಮಾಡಿದಳು, ಒಂದೊಂದು ಸಲವೂ ಹಿಂದಿನದಕ್ಕಿಂತ ಚೆನ್ನಾಗಿ ಮಾಡಿದಳು.

ಚಿಕ್ಕವಳಿದ್ದಾಗಲೇ ತಾಯಿ ಹೋಗಿದ್ದಳು. ಬೆಳೆದದ್ದು ಸೋದರತ್ತೆಯ ಮನೆಯಲ್ಲಿ. ಆ ಮನೆಯಲ್ಲಿ ಏನು ಒಡೆದರೂ ಒಡೆದವಳು ಇವಳೇ. ಬೆಕ್ಕು ಉರುಳಿಸಿದ ಬಟ್ಟಲೂ ಇವಳದ್ದೇ, ಗಾಳಿಗೆ ಬಿದ್ದ ಕನ್ನಡಿಯೂ ಇವಳದ್ದೇ. ಅತ್ತೆಗೆ ಬೈಯಲು ಕಾರಣ ಬೇಕಿರಲಿಲ್ಲ, ಕಾರಣವೇ ಇವಳನ್ನು ಹುಡುಕಿಕೊಂಡು ಬರುತ್ತಿತ್ತು. ಹತ್ತು ವರ್ಷಕ್ಕೆಲ್ಲ ಹುಡುಗಿ ಒಂದು ವಿದ್ಯೆ ಕಲಿತಳು. ಒಡೆದದ್ದನ್ನು ಯಾರ ಕಣ್ಣಿಗೂ ಬೀಳುವ ಮೊದಲೇ ಅಂಟಿಸಿಡುವುದು. ಆಮೇಲೆ ಇಗರ್ಜಿಯ ಗಂಟೆ ಬಾರಿಸುವವನನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, ಮೂವತ್ತಾರಕ್ಕೆ ವಿಧವೆಯಾದಳು. ಆಗಿನ ಗುರುಗಳು ಕನಿಕರಪಟ್ಟು ಗೊಂಚಲನ್ನು ಅವಳ ಕೈಗಿಟ್ಟು, ಹಿತ್ತಲಿನ ಎರಡು ಕೋಣೆಯನ್ನೂ ಬಿಟ್ಟುಕೊಟ್ಟರು. ಮುಂದೆ ಮಗಳು ದೂರದ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿ ಹೋದಾಗ ಮೊಮ್ಮಗಳು ಅಜ್ಜಿಯ ಬಳಿಯೇ ಉಳಿದಳು.

ಇಗರ್ಜಿ ನೋಡಲು ಯಾರಾದರೂ ಬಂದರೆ ಅದರ ಚರಿತ್ರೆ ಹೇಳುವವಳೂ ಅವಳೇ. ಮೊದಲು ಇಲ್ಲಿ ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾಲಯವಿತ್ತು. ಅದು ಎರಡು ಸಲ ಸುಟ್ಟುಹೋದ ಮೇಲೆ ಊರಿನವರು ಕೈಯಿಂದ ಕೈಗೆ ಕಲ್ಲು ದಾಟಿಸಿ ಈಗಿರುವ ಉದ್ದನೆಯ ಕಟ್ಟಡ ಎಬ್ಬಿಸಿದರು. ಮರದ ಚಾವಣಿಯ ಒಂದೊಂದು ಹಲಗೆಯ ಮೇಲೂ ಒಂದೊಂದು ಹಕ್ಕಿ ಬರೆಸಿದರು, ಎರಡು ಹಕ್ಕಿ ಒಂದೇ ಥರ ಇಲ್ಲ, ಬೇಕಾದರೆ ಕತ್ತೆತ್ತಿ ಎಣಿಸಿ ಎನ್ನುತ್ತಿದ್ದಳು. ಅದಾದ ಮೇಲೆ ಬಂದ ಒಬ್ಬ ಗುರುಗಳಿಗೆ ಪಕ್ಕದ ಊರಿನ ಗಂಟೆಗೋಪುರ ಕಣ್ಣಿಗೆ ಚುಚ್ಚತೊಡಗಿತು. ಅದಕ್ಕಿಂತ ಒಂದು ಮೊಳವಾದರೂ ಎತ್ತರ ಇರಲೇಬೇಕೆಂದು ಹಟ ಹಿಡಿದು, ಕಟ್ಟಡದ ಹಿಂಗೋಡೆಗೆ ಒರಗಿಸಿ ಗೋಪುರ ಕಟ್ಟಿಸಿದರು. ಅಲ್ಲೊಂದು ಹಳೆಯ ಬಾವಿ ಅಡ್ಡ ಬಂತು. ಕಲ್ಲುಮಣ್ಣು ತುಂಬಿ ಅದರ ಬಾಯಿ ಮುಚ್ಚಿಸಿದರು. ಮುದಿ ಕಲ್ಲುಕುಟಿಗರು ಗೊಣಗಿದರಂತೆ. ಗುರುಗಳು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಇಷ್ಟದ್ದು ಗೋಪುರಕ್ಕೆ ಅಂಟಿದ ಆ ಹಿಂಗೋಡೆ. ಹಾಡುವವರು ನಿಲ್ಲುವ ಮರದ ಅಟ್ಟ ಇರುವುದೂ ಅಲ್ಲೇ, ಅಟ್ಟದ ಹಿಂದೆ ಗೋಡೆ ತುಂಬ ಕೊನೆಯ ತೀರ್ಪಿನ ಚಿತ್ರ. ನಡುವೆ ತಕ್ಕಡಿ ಹಿಡಿದ ದೇವದೂತ, ಎಡಕ್ಕೆ ಸ್ವರ್ಗಕ್ಕೆ ಹೊರಟವರು, ಬಲಕ್ಕೆ ನರಕಕ್ಕೆ ತಳ್ಳಿಸಿಕೊಂಡವರು. ಬರೆದವನು ಸಾರೋಟುಗಳಿಗೆ ಬಣ್ಣ ಬಳಿಯುತ್ತ ಊರೂರು ಸುತ್ತುತ್ತಿದ್ದವನು. ಎರಡು ವರ್ಷ ಇಲ್ಲೇ ಉಳಿದ, ದಿನಕ್ಕೊಂದು ಮನೆಯಲ್ಲಿ ಉಂಡ. ಹೊಟ್ಟೆ ತುಂಬ ಬಡಿಸಿದವರೆಲ್ಲ ಸ್ವರ್ಗದ ಸಾಲಿನಲ್ಲಿದ್ದಾರೆ. ಗಂಜಿ ನೀರು ಮಾಡಿ ಹಾಕಿದವರು ಬೆಂಕಿಯಲ್ಲಿದ್ದಾರೆ. ಈಟಿ ಹಿಡಿದ ಪಿಶಾಚಿಗೆ ಆಗಿನ ಊರ ಮುಖಂಡನ ಮೂಗನ್ನೇ ಇಟ್ಟಿದ್ದಾನೆ, ಅದೇ ಮೂಗು ಆ ವಂಶದಲ್ಲಿ ಇವತ್ತಿಗೂ ಇದೆ. ಇಷ್ಟು ಹೇಳಿ ಬೀಗದಮ್ಮ ದನಿ ತಗ್ಗಿಸಿ, "ಭಾನುವಾರ ಮೂರನೇ ಬೆಂಚಲ್ಲಿ ಕೂತ್ಕೋತಾರೆ, ನೀವೇ ನೋಡಿ" ಎನ್ನುವಳು.

ಆ ಚಿತ್ರದಲ್ಲಿ ಒಂದು ಬಿರುಕಿತ್ತು. ಚಾವಣಿಯ ಅಂಚಿನಲ್ಲಿ ಹುಟ್ಟಿ, ದೇವದೂತನ ರೆಕ್ಕೆಯ ಪಕ್ಕದಿಂದ ಇಳಿದು, ತಕ್ಕಡಿಯ ದಂಡ ಕತ್ತರಿಸಿ, ಅಟ್ಟದ ಹಲಗೆಯ ಹಿಂದೆ ಮರೆಯಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಒಬ್ಬ ಗಾರೆ ಮೇಸ್ತ್ರಿ ಬಂದು ನೋಡಿದ. ಏಣಿ ಹಾಕಿಸಿ, ಬಿರುಕಿಗೆ ಅಡ್ಡಲಾಗಿ ಐದು ಕಡೆ ಬೆರಳಗಲದ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿದ. ಒಂದೊಂದರ ಪಕ್ಕದಲ್ಲೂ ಮೊಳೆಯಿಂದ ತಾರೀಖು ಗೀಚಿದ. ಗುರುಗಳಿಗೆ ಏನೇನೋ ವಿವರಿಸಿದ. ಬೀಗದಮ್ಮನಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ. ಕಸ ಗುಡಿಸುವವಳಿಗೆ ಇದೆಲ್ಲ ಯಾಕೆ ಎಂದುಕೊಂಡಿರಬೇಕು, ಮಹಾನುಭಾವ. ಏಣಿ ಇಳಿಯುತ್ತ ಒಂದೇ ಮಾತು ಹೇಳಿದ.

"ನೋಡಮ್ಮಾ, ಈ ಗಾಜು ಒಡೀಬಾರ್ದು. ನೆನಪಿರ್ಲಿ."

ಅವಳು ನೆನಪಿಟ್ಟುಕೊಂಡಳು. ಅಷ್ಟು ಚೆನ್ನಾಗಿ ಇನ್ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಮೂರು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಉದ್ದನೆಯ ಬಿದಿರಿನ ಗಳಕ್ಕೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುತ್ತಿದ್ದವಳು ಮೇಲಿನಿಂದ ಎರಡನೆಯ ಗಾಜು ಸೀಳಿರುವುದನ್ನು ಕಂಡಳು. ಗಳದ ತುದಿಗೆ ಕಬ್ಬಿಣದ ಬಳೆ ಇತ್ತು. ತಗುಲಿದ ನೆನಪಿಲ್ಲ, ಆದರೆ ತಗುಲದೆ ಒಡೆಯುವುದು ಹೇಗೆ? ಅವತ್ತು ಮೊಮ್ಮಗಳಿಗೆ ಗಂಟಲ ಕೆಳಗೆ ಬಾವು ಬಂದು ಜ್ವರ, ಮನೆಗೂ ಇಗರ್ಜಿಗೂ ನಡುವೆ ಓಡಾಡಿ ಕೈ ನಡುಗುತ್ತಿತ್ತು. ಹಾಗೇ ತಾಗಿಸಿರಬೇಕು ಎಂದುಕೊಂಡಳು. ಸಂಜೆ ತಮ್ಮನ ಅಂಗಡಿಗೆ ಹೋದಳು. ತಮ್ಮ ಪಟಗಳಿಗೆ ಕಟ್ಟು ಹಾಕುವವನು, ಅವನಲ್ಲಿ ಗಾಜಿನ ತುಂಡುಗಳಿಗೆ ಬರವಿಲ್ಲ.

"ಏನಕ್ಕಾ, ಇಷ್ಟೇ ಇಷ್ಟಗಲದ ಗಾಜು? ಇರುವೆ ಫೋಟೋಗೆ ಕಟ್ಟು ಹಾಕಿಸ್ತೀಯಾ?" ಎಂದು ಅವನು ನಕ್ಕ.

"ಸುಮ್ನೆ ಕೊಯ್ದು ಕೊಡು ಅಂದ್ರೆ ಕೊಡೋ" ಎಂದಳು ಅವಳು.

ಮರುದಿನ ಬಾಗಿಲು ಹಾಕಿಕೊಂಡು, ಏಣಿ ಹತ್ತಿ, ಒಡೆದದ್ದನ್ನು ಕಿತ್ತು, ಹೊಸದನ್ನು ಕೂರಿಸಿ, ಗಾರೆ ಮೆತ್ತಿದಳು. ಕೆರೆದುಹೋದ ಕಡೆ ಮೇಸ್ತ್ರಿಯ ಹಾಗೆಯೇ ಓರೆ ಅಕ್ಷರದಲ್ಲಿ ಹಳೆಯ ತಾರೀಖನ್ನೇ ಗೀಚಿದಳು. ಹೊಸ ಗಾರೆ ಎದ್ದು ಕಾಣುತ್ತಿತ್ತು. ಅದಕ್ಕೆ ಚಹಾದ ಕಷಾಯ ಸವರಿದಳು. ಬಿರುಕು ಕೊಂಚ ಅಗಲವಾಗಿದೆ ಅನ್ನಿಸಿತು, ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಅದರ ಬಾಯಿಯನ್ನೂ ತುಂಬಿದಳು. ಕೆಲಸ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ ಅವಳಿಗೇ ಯಾವುದು ಹಳೆಯದು ಯಾವುದು ಹೊಸದು ಎಂದು ಗುರುತು ಸಿಗಲಿಲ್ಲ. ಸಣ್ಣಗೆ ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಬೇಕು. ಆ ವರ್ಷ ಮೇಸ್ತ್ರಿ ಬಂದು, ಮುದಿಗಣ್ಣು ಕಿರಿದು ಮಾಡಿ ಐದನ್ನೂ ನೋಡಿ, ಗುರುಗಳ ಪುಸ್ತಕದಲ್ಲಿ 'ಗಾಜು ಸರಿಯಾಗಿದೆ' ಎಂದು ಬರೆದು ಹೋದ.

ಎರಡೂವರೆ ವರ್ಷದ ನಂತರ ಇನ್ನೊಂದು ಒಡೆಯಿತು. ಗಳವನ್ನೇ ಬಿಟ್ಟು ಬಟ್ಟೆಯಿಂದ ಒರೆಸತೊಡಗಿದಳು. ಆದರೂ ಮತ್ತೊಂದು ಒಡೆಯಿತು. ತನ್ನ ಕೈಯಲ್ಲೇ ಏನೋ ದೋಷವಿದೆ ಎಂದುಕೊಂಡಳು, ವಯಸ್ಸಾಯಿತು, ಹಿಡಿತ ತಪ್ಪುತ್ತಿದೆ. ಕನ್ನಡಕ ಬದಲಾಯಿಸಿದಳು. ಮೇಸ್ತ್ರಿ ತೀರಿಕೊಂಡ, ಗುರುಗಳು ವರ್ಗವಾಗಿ ಹೋದರು, ಹೊಸ ಗುರುಗಳು ಬಂದರು. ಗಾಜು ಒಡೆಯುತ್ತಲೇ ಇತ್ತು, ಅವಳು ಹಚ್ಚುತ್ತಲೇ ಇದ್ದಳು.

ಏಳನೆಯದನ್ನು ಹಚ್ಚಿ ಮೂರು ವಾರವಾಗಿತ್ತು. ಇಗರ್ಜಿಗೆ ಇನ್ನೂರು ವರ್ಷ ತುಂಬುವ ಭಾನುವಾರ ಹತ್ತಿರ ಬರುತ್ತಿತ್ತು. ಅವತ್ತು ಬಿಷಪರು ಬರುವವರಿದ್ದರು. ಬಹಳ ವರ್ಷದಿಂದ ಸುತ್ತಿಗೆಯಿಂದಷ್ಟೇ ಬಡಿಯುತ್ತಿದ್ದ ದೊಡ್ಡ ಗಂಟೆಯನ್ನು ಹಗ್ಗ ಹಿಡಿದು ಪೂರ್ತಿ ತೂಗಬೇಕು, ಮುಚ್ಚಿಟ್ಟಿದ್ದ ಅಟ್ಟವನ್ನು ತೆರೆದು ಮೂರು ಊರಿನ ಗಾಯಕರು ಸೇರಿ ಅರವತ್ತು ಜನ ಅಲ್ಲಿ ನಿಂತು ಹಾಡಬೇಕು ಎಂದು ತೀರ್ಮಾನವಾಗಿತ್ತು. ಒಂಟಿಯಾಗಿ ಹಾಡುವ ಭಾಗ ಬೀಗದಮ್ಮನ ಮೊಮ್ಮಗಳಿಗೆ ಸಿಕ್ಕಿತ್ತು. ಇಪ್ಪತ್ತರ ಹುಡುಗಿ, ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ಕಾಜಾ ಮಾಡುತ್ತ ಗುನುಗುವವಳು. ಅಜ್ಜಿ ಈ ಸುದ್ದಿಯನ್ನು ತರಕಾರಿಯವನಿಗೂ ಬಿಡದೆ ಹೇಳಿದ್ದಳು.

ಅಟ್ಟ ಗಟ್ಟಿಯಾಗಿದೆಯೇ ಎಂದು ನೋಡಲು ಒಬ್ಬ ಎಂಜಿನಿಯರ್ ಹೆಂಗಸು ಬಂದದ್ದು ಹದಿಮೂರು ದಿನ ಮೊದಲು, ಸೋಮವಾರ. ಬೀಗದಮ್ಮ ಏಣಿಯ ಬುಡ ಹಿಡಿದಿದ್ದಳು. ಮೊಮ್ಮಗಳೂ ಕುತೂಹಲಕ್ಕೆ ಬಂದಿದ್ದಳು. ಎಂಜಿನಿಯರ್ ಒಂದೊಂದೇ ಗಾಜನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ ತಲೆದೂಗಿದಳು.

"ಮೇಡಂ, ಈ ಗಾಜು ಯಾಕೆ ಹಾಕಿರೋದು? ಗೋಡೆ ಹಿಡ್ಕೊಳ್ಳೋದಕ್ಕಾ?" ಎಂದು ಮೊಮ್ಮಗಳು ಕೇಳಿದಳು.

"ಇಷ್ಟು ಗಾಜು ಗೋಡೆ ಹಿಡ್ಕೊಳ್ಳುತ್ತಾ ಕಣಮ್ಮಾ?" ಎಂಜಿನಿಯರ್ ನಕ್ಕಳು. "ಇದು ಚಾಡಿ ಹೇಳೋದಕ್ಕೆ ಇರೋದು. ಗಾಜಿಗೆ ಹಿಗ್ಗೋದು ಗೊತ್ತಿಲ್ಲ. ಗೋಡೆ ಕೂದಲೆಳೆಯಷ್ಟು ಜರುಗಿದ್ರೂ ಟಕ್ ಅಂತ ಸೀಳುತ್ತೆ. ಯಾರೂ ಮುಟ್ಟಬೇಕಾಗಿಲ್ಲ. ಹನ್ನೊಂದು ವರ್ಷದಿಂದ ಐದೂ ಹಾಗೇ ಇದೆ ಅಂದ್ರೆ, ಗೋಡೆ ಗಾಢ ನಿದ್ದೇಲಿದೆ ಅಂತ ಅರ್ಥ. ನೀನು ಧೈರ್ಯವಾಗಿ ಹಾಡು."

ಯಾರೂ ಮುಟ್ಟಬೇಕಾಗಿಲ್ಲ ಎಂಬ ಮಾತು ಬೀಗದಮ್ಮನ ಕಿವಿಯಲ್ಲೇ ಉಳಿಯಿತು. ಮೇಲಿದ್ದವಳು ಇಳಿಯುವವರೆಗೂ ಅವಳು ಏಣಿಯ ಬುಡ ಬಿಡದೆ ನಿಂತಿದ್ದಳು. "ಅಮ್ಮಾ, ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಾ" ಎಂದು ಎಂಜಿನಿಯರ್ ಅವಳ ಭುಜ ತಟ್ಟಿ, ಅಟ್ಟ ಬಳಸಬಹುದು, ಗಂಟೆ ತೂಗಬಹುದು ಎಂದು ಬರೆದುಕೊಟ್ಟು ಹೋದಳು.

ಆ ದಿನ ಅವಳು ಬೆರಳು ಮಡಿಸಿ ಎಣಿಸಿದಳು. ಮೊದಲನೆಯದು ಒಡೆಯಲು ಮೂರು ವರ್ಷ. ಆಮೇಲೆ ಎರಡೂವರೆ. ಆಮೇಲೆ ಎರಡು, ಒಂದೂವರೆ, ಒಂದು. ಆರನೆಯದಕ್ಕೆ ಆರು ತಿಂಗಳು. ಏಳನೆಯದಕ್ಕೆ ನಾಲ್ಕೇ ತಿಂಗಳು. ಯಾರೋ ದೂರದಿಂದ ನಡೆದು ಬರುತ್ತಿದ್ದವರು ಈಗ ಓಡಿ ಬರುತ್ತಿದ್ದಾರೆ ಅನ್ನಿಸಿತು. ಛೆ, ನನ್ನ ಕೈ ತಾಗಿದ್ದೇ ಇರಬಹುದು, ಎಲ್ಲ ಏಳೂ ನಾನೇ ಒಡೆದಿರಬಹುದು ಎಂದು ಸಮಾಧಾನ ಮಾಡಿಕೊಂಡಳು. ಬದುಕಿನಲ್ಲಿ ಮೊದಲ ಸಲ ಅವಳಿಗೆ ತಪ್ಪು ತನ್ನದೇ ಆಗಿರಲಿ ಎಂದು ಆಸೆಯಾಯಿತು.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮಂಗಳವಾರ ಮತ್ತೊಂದು ಪಟ್ಟಿ ತಂದಳು. ಅಟ್ಟದ ಮೂಲೆಯಲ್ಲಿ, ನೆಲದ ಹತ್ತಿರ, ಬಿರುಕಿನ ಬಾಲ ಇಳಿಯುವ ಕಡೆ ಹಚ್ಚಿದಳು. ಯಾರ ಕಾಲೂ ಕೈಯೂ ತಾಗದಂತೆ ಅದರ ಮುಂದೆ ಹಳೆಯ ಹಾಡಿನ ಪುಸ್ತಕಗಳ ಭಾರದ ಪೆಟ್ಟಿಗೆ ತಳ್ಳಿದಳು. ಎಂಟು ದಿನ ಆ ಕಡೆ ಸುಳಿಯಲಿಲ್ಲ. ಮುಂದಿನ ಬುಧವಾರ ಬೆಳಿಗ್ಗೆ ಪೆಟ್ಟಿಗೆ ಸರಿಸಿದಳು. ಗಾಜು ನಡುವೆ ನೆಟ್ಟಗೆ ಸೀಳಿತ್ತು. ಎರಡು ಚೂರುಗಳ ನಡುವೆ ಉಗುರು ತೂರಿಸಿ ನೋಡಿದಳು, ಉಗುರು ಒಳಗೆ ಹೋಯಿತು.

ಈಗ ಯಾರಿಗೆ ಹೇಳುವುದು? ಹೇಳಿದರೆ ಗೊಂಚಲು ಹೋಗುತ್ತದೆ, ಹಿತ್ತಲಿನ ಎರಡು ಕೋಣೆ ಹೋಗುತ್ತದೆ, ಮೊಮ್ಮಗಳ ಹಾಡು ಹೋಗುತ್ತದೆ. ಮಾನವಂತೂ ಮೊದಲು ಹೋಗುತ್ತದೆ. ಬಿಷಪರು ಬರುವ ಮೂರು ದಿನ ಮೊದಲು, ಎಂಟು ವರ್ಷ ನಿಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದೆ ಎಂದು ಹೇಳುವುದು ಯಾವ ಬಾಯಲ್ಲಿ? ಗುರುವಾರ ಸಂಜೆ ಅವಳು ಒಂದು ಉಪಾಯ ಕಂಡುಕೊಂಡಳು, ಮೂವತ್ತೊಂದು ವರ್ಷ ಇಗರ್ಜಿಯೊಳಗೇ ಇದ್ದವಳಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಜಾಲರಿಗೆ ಬಾಯಿ ಹಚ್ಚಿ, ಏಳು ಗಾಜಿನ ಕಥೆಯನ್ನೂ ಎಂಟನೆಯದನ್ನೂ ಹೇಳಿಬಿಟ್ಟಳು.

ಒಳಗಿನಿಂದ ಗುರುಗಳ ದನಿ ಬಂತು, ಯಾವತ್ತಿನ ದನಿಯಲ್ಲ.

"ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ ಫಾದರ್."

"ಕೇಳಿ. ಇಲ್ಲಿ ಕೇಳಿದ್ದು ಇಲ್ಲೇ ಸಾಯುತ್ತೆ. ನಾನು ಇದನ್ನ ಯಾರಿಗೂ ಹೇಳೋ ಹಾಗಿಲ್ಲ. ಇದರ ಮೇಲೆ ಒಂದು ಬಾಗಿಲು ಕೂಡ ಮುಚ್ಚೋ ಹಾಗಿಲ್ಲ. ನಿಮ್ಮ ಹತ್ರಾನೇ ಮತ್ತೆ ಈ ಮಾತು ಎತ್ತೋ ಹಾಗಿಲ್ಲ. ನೀವು ಹೊರಗೆ ಬಂದು, ನನ್ನ ಕಚೇರಿ ಬಾಗಿಲು ತಟ್ಟಿ, ಇದನ್ನೇ ಇನ್ನೊಂದು ಸಲ ಹೇಳಿ. ಈಗ್ಲೇ ಬನ್ನಿ."

"ಅದೇ ಕಿವಿ ಅಲ್ವಾ ಫಾದರ್" ಎಂದಳು ಅವಳು ಮೆಲ್ಲಗೆ.

"ಅಲ್ಲಮ್ಮಾ. ಅದೇ ಕಿವಿ ಅಲ್ಲ. ದಯವಿಟ್ಟು ಬನ್ನಿ."

ಅವಳು ಎದ್ದು ಹೊರಗೆ ಬಂದಳು. ಕಚೇರಿಯ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಅಲ್ಲಿ ಸಮಾರಂಭದ ಸಮಿತಿಯವರು ಕೂತು ಮಾಲೆ, ಕುರ್ಚಿ, ಚಪ್ಪರ ಎಂದು ಜೋರಾಗಿ ಮಾತಾಡುತ್ತಿದ್ದರು. ಪಿಶಾಚಿಯ ಮೂಗಿನ ಯಜಮಾನರೂ ಇದ್ದರು. ಕಾಲು ತಾನಾಗಿ ಹಿತ್ತಲಿನ ಕಡೆ ತಿರುಗಿತು. ಹೇಳಿದ್ದಾಯಿತಲ್ಲ, ಭಾರ ಅವರ ತಲೆಗೆ ಹೋಯಿತಲ್ಲ, ಓದಿದವರು ಏನಾದರೂ ದಾರಿ ಹುಡುಕುತ್ತಾರೆ ಎಂದುಕೊಂಡಳು. ನಿಯಮ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಪೆಟ್ಟಿಗೆಯ ಪರದೆ ಒಗೆದು ಇಸ್ತ್ರಿ ಮಾಡುತ್ತಿದ್ದವಳೇ ಅವಳು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಕೆಂದು ಮನಸ್ಸು ಮಾಡಿದವರನ್ನು ಯಾರು ತಾನೆ ಏನು ಮಾಡಲಾದೀತು?

ಶುಕ್ರವಾರ ಗುರುಗಳು ಅಟ್ಟ ಮುಚ್ಚಿಸುತ್ತಾರೆಂದು ಕಾದಳು. ಮುಚ್ಚಿಸಲಿಲ್ಲ. ಎದುರಿಗೆ ಸಿಕ್ಕಾಗ ಎಂದಿನಂತೆ ನಮಸ್ಕಾರ ಎಂದರು, ಕಣ್ಣಿನಲ್ಲಿ ಒಂದು ಸನ್ನೆಯೂ ಇಲ್ಲ. ಆದರೆ ಮುಖ ಹತ್ತು ದಿನ ಉಪವಾಸ ಬಿದ್ದವರ ಹಾಗಿತ್ತು. ಕಚೇರಿಯ ಬಾಗಿಲನ್ನು ಅಗಲವಾಗಿ ತೆರೆದು, ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡು ಕೂತಿದ್ದರು. ಊಟಕ್ಕೂ ಏಳಲಿಲ್ಲ ಎಂದು ಅಡುಗೆಯವಳು ದೂರಿದಳು. ಅವರಿಗೇ ಹೆದರಿಕೆ ಇಲ್ಲವೆಂದರೆ ಹೆದರುವಂಥದ್ದು ಇಲ್ಲವೇನೋ ಎಂದು ಬೀಗದಮ್ಮ ತನಗೆ ತಾನೇ ಹೇಳಿಕೊಂಡಳು. ಆ ಕುರ್ಚಿ ಯಾರಿಗಾಗಿ ತಿರುಗಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಆ ದಿನವೆಲ್ಲ ಕಚೇರಿಯ ಮುಂದಿನ ಅಂಗಳವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗುಡಿಸಿದಳು.

ಶನಿವಾರ ಮಧ್ಯಾಹ್ನ ಅಟ್ಟದ ಮೇಲೆ ಅಭ್ಯಾಸ. ಅರವತ್ತು ಜನ ಒಟ್ಟಿಗೆ ದನಿ ಎತ್ತಿದಾಗ ಹಾರ್ಮೋನಿಯಂ ಮೇಲೆ ಬಿಳಿಯ ಪುಡಿ ಉದುರಿತು. "ದೇವದೂತ ನಮಗೆ ಪೌಡರ್ ಹಾಕ್ತಿದಾನೆ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಬೀಗದಮ್ಮ ಕೆಳಗೆ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ಮೇಲಿನಿಂದ ಎರಡನೆಯ ಗಾಜು ಮತ್ತೆ ಸೀಳಿತ್ತು. ಅದನ್ನು ನೋಡಿದವಳು ಅವಳೊಬ್ಬಳೇ.

ಅಂದು ಸಂಜೆ ಮೊಮ್ಮಗಳು ಹೊಸ ರವಿಕೆಗೆ ಗುಂಡಿ ಹಚ್ಚುತ್ತ ಕೂತಿದ್ದಾಗ ಅಜ್ಜಿ ಹತ್ತಿರ ಬಂದು ಕೂತಳು.

"ನಾಳೆ ಹೋಗ್ಬೇಡ ಕಣೇ."

"ಯಾಕಜ್ಜಿ?"

"ಗಂಟಲು ಕಟ್ಟಿದೆ ನಿಂಗೆ."

"ನಂಗಾ? ಇಲ್ಲಪ್ಪ."

"ಕಟ್ಟಿದೆ ಅಂತ ಹೇಳು. ಬೇರೆ ಯಾರಾದ್ರೂ ಹಾಡ್ತಾರೆ."

ಮೊಮ್ಮಗಳು ಸೂಜಿ ಬಿಟ್ಟು ಅವಳ ಮುಖವನ್ನೇ ನೋಡಿದಳು. "ಏನಾಗಿದೆ ಅಜ್ಜಿ ನಿಂಗೆ? ನೀನೇ ಅಲ್ವಾ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದು?"

ಬೇರೆ ಯಾರಾದರೂ ಹಾಡುತ್ತಾರೆ ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಬೀಗದಮ್ಮನಿಗೆ ತಟ್ಟಿತು. ಬೇರೆ ಯಾರು? ಅಟ್ಟದ ಮೇಲಿನ ಅರವತ್ತರಲ್ಲಿ ತನ್ನ ಒಬ್ಬಳನ್ನು ಇಳಿಸಿಕೊಂಡು ಐವತ್ತೊಂಬತ್ತು ಮಂದಿಯನ್ನು ಅಲ್ಲೇ ಬಿಡಲು ಹೊರಟಿದ್ದಳು. ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಆದರೂ ಎದ್ದು ಕಚೇರಿಗೆ ಹೋಗಲಿಲ್ಲ. ನಾಳೆ ಬೆಳಿಗ್ಗೆ ಎಂದುಕೊಂಡಳು.

ಭಾನುವಾರ ಎಂಟು ಗಂಟೆಗೆಲ್ಲ ಬೆಂಚುಗಳು ತುಂಬಿದ್ದವು. ಒಂಬತ್ತಕ್ಕೆ ಬಲಿಪೂಜೆ, ಅದಕ್ಕೆ ಕಾಲು ಗಂಟೆ ಮೊದಲು ಗಂಟೆ ತೂಗುವುದು. ಅಟ್ಟದ ಮೆಟ್ಟಿಲ ಬುಡದಲ್ಲಿ ಬೀಗದಮ್ಮ ನಿಂತಿದ್ದಳು. ಗಾಯಕರು ಒಬ್ಬೊಬ್ಬರಾಗಿ ಅವಳ ಪಕ್ಕದಿಂದಲೇ ಹತ್ತಿದರು. ಹಾರ್ಮೋನಿಯಂ ಮಾಸ್ತರು ಹತ್ತಿದರು, ಅವರ ಹಿಂದೆ ತುಂಬು ಬಸುರಿಯೊಬ್ಬಳು ಗೋಡೆಗೆ ಕೈ ಆನಿಸಿಕೊಂಡು ಹತ್ತಿದಳು. ಮೊಮ್ಮಗಳು ಬಂದು, "ನಾನು ಎಲ್ಲಿ ನಿಲ್ತೀನಿ ಗೊತ್ತಾ? ಸರಿಯಾಗಿ ತಕ್ಕಡಿ ಕೆಳಗೆ. ಅಲ್ಲೇ ನೋಡ್ತಾ ಇರು" ಎಂದು ಕಿವಿಯಲ್ಲಿ ಹೇಳಿ ಮೇಲೆ ಓಡಿದಳು. ಎಂಟೂ ಇಪ್ಪತ್ತಾಗಿತ್ತು. ಗೋಪುರದೊಳಗೆ ಗಂಟೆಯವರು ಹಗ್ಗ ಬಿಚ್ಚುವ ಸದ್ದು ಕೇಳಿಸಿತು.

ಬೀಗದಮ್ಮ ಓಡಿದಳು. ಅರವತ್ತೇಳರ ಹೆಂಗಸು ಗೊಂಚಲು ಜಣಜಣಿಸುತ್ತ ಅಂಗಳ ದಾಟಿ ಓಡುವುದನ್ನು ನೋಡಿ ಜನ ದಾರಿ ಬಿಟ್ಟರು. ಕಚೇರಿಯಲ್ಲಿ ಬಿಷಪರು, ಸಮಿತಿಯವರು, ಎಂಜಿನಿಯರ್, ಎಲ್ಲರೂ ಇದ್ದರು. ಗುರುಗಳ ಕುರ್ಚಿ ಇನ್ನೂ ಬಾಗಿಲಿಗೆ ಎದುರಾಗಿಯೇ ಇತ್ತು. ಅವಳು ಹೊಸ್ತಿಲ ಮೇಲೆ ನಿಂತು, ಏದುಸಿರು ಬಿಡುತ್ತ, ಎಲ್ಲರ ಮುಂದೆ ಹೇಳಿದಳು.

"ಗಾಜು ಒಡೀತಾನೇ ಇತ್ತು. ನಾನೇ ಬದಲಾಯಿಸ್ತಿದ್ದೆ. ಏಳು ಸಲ. ನಾನು ಮುಟ್ಟದೇ ಇರೋದೂ ಒಡೀತು. ನಿನ್ನೆ ಮತ್ತೆ ಒಡ್ದಿದೆ."

ಗುರುಗಳು ಕಣ್ಣು ಮುಚ್ಚಿಕೊಂಡರು. ಮರುಕ್ಷಣವೇ ಎದ್ದು, ಯಾರನ್ನೂ ಕೇಳದೆ, ಗಂಟೆಯವರನ್ನು ತಡೆಯಲು ಗೋಪುರದ ಕಡೆ ಓಡಿದರು. ಎಂಜಿನಿಯರ್ ಬೀಗದಮ್ಮನ ತೋಳು ಹಿಡಿದು ಇಗರ್ಜಿಗೆ ಎಳೆದುಕೊಂಡು ಹೋಗಿ, ಅಟ್ಟದ ಮೇಲೆ ಗೋಡೆಯ ಮುಂದೆ ನಿಲ್ಲಿಸಿದಳು.

"ಇದರಲ್ಲಿ ನಿಮ್ದು ಯಾವುದು, ಮೇಸ್ತ್ರಿದು ಯಾವುದು?"

ಬೀಗದಮ್ಮ ನೋಡಿದಳು. ಕೆಳಗಿನದು ಮೇಸ್ತ್ರಿಯದೇನೋ ಅನ್ನಿಸಿತು. ಮತ್ತೆ ನೋಡಿದರೆ ಅದೂ ತನ್ನದೇ ಅನ್ನಿಸಿತು. "ಗೊತ್ತಾಗ್ತಿಲ್ಲಮ್ಮಾ" ಎಂದಳು.

"ಯಾವಾಗ್ಯಾವಾಗ ಒಡೀತು, ಅದಾದ್ರೂ ಗೊತ್ತಾ?"

ಅದು ಗೊತ್ತಿತ್ತು. ಮೊಮ್ಮಗಳಿಗೆ ಬಾವು ಬಂದಾಗ ಒಂದು. ತಮ್ಮನ ಕಣ್ಣಿನ ಆಪರೇಷನ್ ಆದ ವಾರ ಒಂದು. ಮೇಸ್ತ್ರಿಯನ್ನು ಹೂಳಿ ಬಂದ ಮರುದಿನ ಒಂದು. ಹಳೆಯ ಗುರುಗಳು ವರ್ಗವಾದ ತಿಂಗಳು ಒಂದು. ಹೊಲಿಗೆ ಅಂಗಡಿಯಲ್ಲಿ ಮೊಮ್ಮಗಳಿಗೆ ಕೆಲಸ ಸಿಕ್ಕಾಗ ಒಂದು. ಮಗಳು ಬಂದು ಜಗಳವಾಡಿ ಹೋದಾಗ ಒಂದು. ಹೋದ ತಿಂಗಳು ಒಂದು. ಎಂಜಿನಿಯರ್ ಒಂದೊಂದಕ್ಕೂ ವರ್ಷ ಕೇಳಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ಏಳನ್ನೂ ಬರೆದು ಒಮ್ಮೆ ದಿಟ್ಟಿಸಿದವಳು, ಪೆನ್ನಿಗೆ ಮುಚ್ಚಳ ಹಾಕುವುದನ್ನೂ ಮರೆತು, ಗಾಯಕರ ಕಡೆ ತಿರುಗಿದಳು.

"ಎಲ್ಲಾರೂ ಒಬ್ಬೊಬ್ಬರಾಗಿ ಇಳೀರಿ. ಓಡ್ಬೇಡಿ. ಹಾಡ್ಬೇಡಿ. ಗೋಡೆ ಮುಟ್ಬೇಡಿ."

ಕಾಲು ಗಂಟೆಯಲ್ಲಿ ಇಗರ್ಜಿ ಖಾಲಿಯಾಯಿತು. ಹೊರಗೆ ನಿಂತು ಸಾವಿರ ಜನ ಗೋಪುರವನ್ನು ನೋಡಿದರು. ಗೋಪುರ ನೆಟ್ಟಗೆ ನಿಂತಿತ್ತು, ಅದರ ತುದಿಯಲ್ಲಿ ಪಾರಿವಾಳಗಳು ಕೂತಿದ್ದವು. ಬಿಸಿಲೇರಿತು. ಬಿಷಪರು ಅಂಗಳದಲ್ಲೇ ಮೇಜು ಹಾಕಿಸಿ ಚುಟುಕಾಗಿ ಪೂಜೆ ಮುಗಿಸಿ ಹೊರಟುಹೋದರು. ಮೂಗಿನ ಯಜಮಾನರು ಎಲ್ಲರಿಗೂ ಕೇಳುವಂತೆ, "ಮುದುಕಿಗೆ ಅರಳುಮರಳು. ಇನ್ನೂರು ವರ್ಷ ನಿಂತ ಗೋಡೆ ಇವಳ ಮಾತಿಗೆ ಬೀಳುತ್ತಾ?" ಎಂದರು. ಸಂಜೆ ಸಮಿತಿಯವನೊಬ್ಬ ಬಂದು ಗೊಂಚಲು ಇಸಿದುಕೊಂಡು ಹೋದ. ಮೊಮ್ಮಗಳು ಹೊಸ ರವಿಕೆ ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು, ಅಜ್ಜಿಯ ಜೊತೆ ಮಾತು ಬಿಟ್ಟಳು.

ಮುಂದಿನ ಹತ್ತು ದಿನ ಬೀಗದಮ್ಮ ನೀರು ತರಲು ಬಿಟ್ಟರೆ ಹೊರಗೆ ಬರಲಿಲ್ಲ. ಬೀದಿಯ ಹೆಂಗಸರು ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಎಂಜಿನಿಯರ್ ಮಾತ್ರ ದಿನವೂ ಬಂದು, ಹೊರಗಿನಿಂದಲೇ ಏನೋ ಅಳೆದು, ಹಗ್ಗ ಕಟ್ಟಿದ ಗಡಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ ಹೋಗುತ್ತಿದ್ದಳು. ನಾಲ್ಕನೆಯ ದಿನ ಹಿತ್ತಲಿನ ಕೋಣೆಯನ್ನೂ ಗಡಿಯೊಳಗೆ ಸೇರಿಸಿದಳು, ಅಜ್ಜಿ ಮೊಮ್ಮಗಳು ತಮ್ಮನ ಅಂಗಡಿಯ ಹಿಂಭಾಗಕ್ಕೆ ಗಂಟುಮೂಟೆ ಹೊತ್ತರು. ಹನ್ನೊಂದನೆಯ ದಿನ ಮಧ್ಯಾಹ್ನ ನಾಲ್ಕೂವರೆಗೆ, ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಗೋಪುರ ಕುಸಿಯಿತು. ಬೀಳುವುದಕ್ಕಿಂತ ಹೆಚ್ಚಾಗಿ ಕೂತುಕೊಂಡಿತು ಎನ್ನಬೇಕು. ಹಳೆಯ ಬಾವಿ ಬಾಯಿ ತೆರೆದು ಅದರ ಒಂದು ಮೂಲೆಯನ್ನು ನುಂಗಿತು. ಜೊತೆಗೆ ಹಿಂಗೋಡೆ, ಅಟ್ಟ, ಸ್ವರ್ಗ, ನರಕ, ದೇವದೂತ, ಚಾವಣಿಯ ಅರ್ಧದಷ್ಟು ಹಕ್ಕಿಗಳು, ಎಲ್ಲವೂ ಹೋದವು. ಧೂಳು ಇಳಿಯಲು ಒಂದು ಗಂಟೆ ಬೇಕಾಯಿತು. ಒಬ್ಬರಿಗೂ ಗಾಯವಾಗಲಿಲ್ಲ.

ಜನ ಓಡಿ ಬಂದು ಬೀಗದಮ್ಮನ ಕೈ ಹಿಡಿದುಕೊಂಡು ಅತ್ತರು. ಬಸುರಿಯ ಗಂಡ ಕಾಲಿಗೇ ಬಿದ್ದ. ಮೂಗಿನ ಯಜಮಾನರು ತಲೆ ತಗ್ಗಿಸಿ ನಿಂತರು. ಬೀಗದಮ್ಮ ಎಲ್ಲರ ಕೈ ಬಿಡಿಸಿಕೊಂಡಳು. ಗಡಿಯ ಹಗ್ಗದ ಬಳಿ ಎಂಜಿನಿಯರ್ ನಿಂತಿದ್ದಳು, ಅವಳ ಹತ್ತಿರ ಹೋದಳು.

"ಮೊದಲ್ನೇ ಗಾಜು ಒಡೆದಾಗಲೇ ಹೇಳಿದ್ರೆ, ಉಳೀತಿತ್ತಾ?"

ಎಂಜಿನಿಯರ್ ಸುಳ್ಳು ಹೇಳಲು ಒಂದು ಗಳಿಗೆ ಯೋಚಿಸಿದಳು, ಹೇಳಲಾಗಲಿಲ್ಲ. "ಎರಡು ಕಬ್ಬಿಣದ ಸಲಾಕೆ ಹಾಕಿ ಬಿಗಿದು, ಬಾವಿಗೆ ಕಾಂಕ್ರೀಟು ತುಂಬಿಸಿದ್ರೆ ಸಾಕಾಗ್ತಿತ್ತಮ್ಮಾ. ಇನ್ನೂ ನೂರು ವರ್ಷ ಇರ್ತಿತ್ತು."

ಬೀಗದಮ್ಮ ತಲೆಯಾಡಿಸಿದಳು. ತಮ್ಮನ ಅಂಗಡಿಗೆ ವಾಪಸ್ಸು ಹೋಗಿ, ಚೌಕಟ್ಟುಗಳ ನಡುವೆ ನೆಲದ ಮೇಲೆ ಕೂತಳು. ಮೊಮ್ಮಗಳು ಹಿಂದೆಯೇ ಬಂದು ಪಕ್ಕದಲ್ಲಿ ಕೂತಳು. ಹನ್ನೊಂದು ದಿನದ ಮೇಲೆ ಮೊದಲ ಸಲ ಮಾತಾಡಿದಳು.

"ಅಜ್ಜಿ, ಮೊದಲ್ನೇ ಸಲ ಗಳ ತಾಗಿದ್ದು ನಿಂಗೆ ಗೊತ್ತಾಯ್ತಾ? ಸದ್ದೇನಾದ್ರೂ ಕೇಳಿಸ್ತಾ?"

"ಇಲ್ಲ."

"ಮತ್ತೆ ನೀನೇ ಒಡೆದಿದ್ದು ಅಂತ ಹೇಗಂದ್ಕೊಂಡೆ?"

ಬೀಗದಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು.

"ಅಲ್ಲಿ ಇದ್ದಿದ್ದು ಇಬ್ಬರೇ ಕಣೇ, ನಾನು ಮತ್ತೆ ಇಗರ್ಜಿ" ಎಂದಳು. "ತಪ್ಪು ಇಗರ್ಜಿದು ಅಂತ ಯಾರಾದ್ರೂ ಅಂದ್ಕೋತಾರಾ?"